ಪ್ರಶ್ನೆಯ ಗದ್ಯ, ಉತ್ತರದ ಗದ್ಯ

ನಮ್ಮಲ್ಲಿ ಕಾದಂಬರಿಗೆ ವಿಮರ್ಶೆಯುಂಟು, ಕವಿತೆಗುಂಟು, ನಾಟಕಕ್ಕುಂಟು. ಹರಟೆಗೂ ಪ್ರವಾಸಕಥನಕ್ಕೂ ಎರಡು ಒಳ್ಳೆಯ ಮಾತನಾಡುವವರು ಸಿಗುತ್ತಾರೆ. ಆದರೆ ವರ್ಷವರ್ಷವೂ ಕನ್ನಡದಲ್ಲಿ ರಾಶಿರಾಶಿಯಾಗಿ ಹುಟ್ಟುತ್ತಿರುವ ಒಂದು ಗದ್ಯಪ್ರಕಾರದ ಕಡೆಗೆ ವಿಮರ್ಶಕರ ಕಣ್ಣು ಹೊರಳುವುದು ಅಪರೂಪ. ಶಾಸನಸಭೆಯಲ್ಲಿ ಸದಸ್ಯರು ಕೇಳುವ ಪ್ರಶ್ನೆ, ಮಂತ್ರಿಗಳು ಕೊಡುವ ಉತ್ತರ, ಇವೇ ಆ ಪ್ರಕಾರ. ಇದು ಸಾಹಿತ್ಯವೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಯಾವ ಬರವಣಿಗೆಯಲ್ಲಿ ಒಂದು ಪದ ಜಾರಿದರೆ ಒಂದು ಊರಿನ ಮಕ್ಕಳು ಇನ್ನೊಂದು ವರ್ಷ ಶಿಕ್ಷಕರಿಲ್ಲದೆ ಕೂಡಬೇಕಾಗುವುದೋ, ಆ ಬರವಣಿಗೆಯ ಗುಣದೋಷಗಳನ್ನು ತೂಗಿನೋಡುವುದು ಭಾಷೆಯನ್ನು ಕಲಿಸುವವರ ಕೆಲಸವೇ ಆಗಿದೆ.

ಈ ಪ್ರಕಾರಕ್ಕೆ ಒಂದು ಚರಿತ್ರೆಯುಂಟು. ಪಾರ್ಲಿಮೆಂಟಿನಲ್ಲಿ ಸರಕಾರಕ್ಕೆ ಹಾಕಿದ ಮೊತ್ತಮೊದಲ ಪ್ರಶ್ನೆ ದಾಖಲಾದದ್ದು 1721ರ ಫೆಬ್ರವರಿ 9ರಂದು, ಇಂಗ್ಲಂಡಿನ ಲಾರ್ಡರ ಸಭೆಯಲ್ಲಿ. ದಕ್ಷಿಣ ಸಮುದ್ರ ಕಂಪನಿಯ ಹಗರಣದ ಕಾಲ ಅದು. ಕಂಪನಿಯ ಖಜಾಂಚಿ ದೇಶ ಬಿಟ್ಟು ಓಡಿ, ಬ್ರಸೆಲ್ಸ್ ನಗರದಲ್ಲಿ ಸೆರೆಸಿಕ್ಕಿದ್ದಾನೆಂಬ ಸುದ್ದಿ ನಿಜವೇ ಎಂದು ಲಾರ್ಡ್ ಕೌಪರ್ ಕೇಳಿದನು. ಜನರು ಆರಿಸದ, ಬಹುಮಟ್ಟಿಗೆ ಹುಟ್ಟಿನಿಂದಲೇ ಪೀಠ ಪಡೆದವರು ಕೂಡುತ್ತಿದ್ದ ಸಭೆಯಲ್ಲಿ ಪ್ರಜೆಗಳ ಈ ಆಯುಧ ಮೊದಲು ಮಸೆಯಲ್ಪಟ್ಟದ್ದು ಚರಿತ್ರೆಯ ವಿನೋದ. ನಮ್ಮ ದೇಶಕ್ಕೆ ಅದು ಬಂದದ್ದು 1892ರ ಕಾಯಿದೆಯಿಂದ. ಆಗಲೂ ಕೇಳಬಹುದಿತ್ತೇ ಹೊರತು ಉತ್ತರದ ಮೇಲೆ ಮರುಪ್ರಶ್ನೆ ಹಾಕುವಂತಿರಲಿಲ್ಲ. ಪ್ರಶ್ನೆ ಕೇಳಿದವನಿಗೆ ಉಪಪ್ರಶ್ನೆಯ ಹಕ್ಕು ದೊರೆತದ್ದು 1909ರಲ್ಲಿ. 1862ರಲ್ಲಿ ಮದರಾಸನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯ ಅಹವಾಲು ಆ ಕಾಲದಲ್ಲಿ ಕಡಲ ದಾರಿಯಾಗಿ ಮುಂಬಯಿಗೆ ಹೋಗಬೇಕಾಗಿತ್ತು.

ಪ್ರತಿಯೊಂದು ಕಾವ್ಯಪ್ರಕಾರಕ್ಕೂ ಲಕ್ಷಣಗ್ರಂಥವಿರುವಂತೆ ಪ್ರಶ್ನೆಗೂ ಇದೆ. ಲೋಕಸಭೆಯ ಕಾರ್ಯವಿಧಾನದ 41ನೆಯ ನಿಯಮವನ್ನು ನಾನು ಅಲಂಕಾರಶಾಸ್ತ್ರದ ಸೂತ್ರದಂತೆಯೇ ಓದುತ್ತೇನೆ. ಪ್ರಶ್ನೆಯಲ್ಲಿ ವಾದವಿರಕೂಡದು, ಊಹೆಯಿರಕೂಡದು, ವ್ಯಂಗ್ಯವಿರಕೂಡದು, ಆರೋಪ ಮತ್ತು ಬಣ್ಣದ ವಿಶೇಷಣಗಳಿರಕೂಡದು; ಸಾಮಾನ್ಯವಾಗಿ 150 ಪದಗಳನ್ನು ಮೀರಕೂಡದು; ಅದರಲ್ಲಿ ಹೇಳಿದ ಸಂಗತಿಯ ಸತ್ಯಕ್ಕೆ ಕೇಳಿದವನೇ ಹೊಣೆ. ವ್ಯಂಗ್ಯವನ್ನೂ ವಿಶೇಷಣವನ್ನೂ ಕಳೆದ ಮೇಲೆ ಉಳಿಯುವುದೇನು? ನಾಮಪದ, ಕ್ರಿಯಾಪದ, ಸಂಖ್ಯೆ, ದಿನಾಂಕ. ಇಷ್ಟರಲ್ಲಿಯೇ ಎದುರಿನವನನ್ನು ಕಟ್ಟಿಹಾಕಬೇಕು. ಚುಟುಕಗಳ ಕವಿ ದಿನಕರ ದೇಸಾಯಿಯವರು 1967ರಲ್ಲಿ ಈ ಜಿಲ್ಲೆಯಿಂದಲೇ ಲೋಕಸಭೆಗೆ ಆರಿಸಿ ಹೋದರು. ನಾಲ್ಕು ಸಾಲಿನಲ್ಲಿ ದೊಡ್ಡವರನ್ನು ಚುಚ್ಚಬಲ್ಲ ಕವಿ, ಚುಚ್ಚುಮಾತನ್ನು ನಿಯಮದಿಂದಲೇ ನಿಷೇಧಿಸಿದ ಸಭೆಯಲ್ಲಿ ಕುಳಿತದ್ದು ಯೋಚಿಸತಕ್ಕ ಸಂಗತಿ. ಆದರೆ ಚುಟುಕಕ್ಕೂ ಪ್ರಶ್ನೆಗೂ ಒಂದು ಸಾಮ್ಯವಿದೆ. ಎರಡರಲ್ಲಿಯೂ ಒಂದು ಪದ ಹೆಚ್ಚಾದರೆ ಏಟು ತಪ್ಪುತ್ತದೆ.

ಇಂಥ ಏಟಿನ ಬೆಲೆಯನ್ನು ಭಟ್ಕಳ, ಹೊನ್ನಾವರ, ಕುಮಟೆಗಳ ಶ್ರೋತೃಗಳಿಗೆ ಹೇಳಿಕೊಡಬೇಕಾಗಿಲ್ಲ. ಯಕ್ಷಗಾನ ಮತ್ತು ತಾಳಮದ್ದಳೆಗಳ ನಾಡು ಇದು. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಕೆರೆಮನೆ ಮೇಳ ಹೊನ್ನಾವರ ತಾಲ್ಲೂಕಿನದೇ. ವಾಲಿವಧೆಯ ಪ್ರಸಂಗವನ್ನು ನೆನೆಯಿರಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಹಗೆಯೇನು, ಮರೆಯಲ್ಲಿ ನಿಂತು ಹೊಡೆದದ್ದೇಕೆ? ಸಾಯುತ್ತಿರುವವನ ಪ್ರಶ್ನೆ ಅದು. ಆದರೆ ಪ್ರಶ್ನೆಯ ಬಲ ಕಣ್ಣೀರಿನಲ್ಲಿಲ್ಲ, ‘ಮರೆಯಲ್ಲಿ’ ಎಂಬ ಒಂದು ಪದದಲ್ಲಿದೆ. ರಾಮನ ಅರ್ಥಧಾರಿ ತಮ್ಮನ ಹೆಂಡತಿಯ ವಿಷಯವನ್ನೆತ್ತಿ ಗಂಟೆಗಟ್ಟಲೆ ಧರ್ಮ ಹೇಳಬಹುದು. ಆದರೂ ಆ ಒಂದು ಪದಕ್ಕೆ ಸಮಾಧಾನ ಬಂದಿತೇ ಇಲ್ಲವೇ ಎಂಬುದನ್ನು ಕಂಬಕ್ಕೊರಗಿ ಎಲೆಯಡಿಕೆ ಮೆಲ್ಲುತ್ತಿರುವ ಮುದುಕನೂ ಬಲ್ಲನು. ‘ಈ ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದು ರಾಮನು ಹೇಳಿ ಕುಳಿತರೆ ಸಭೆ ಎದ್ದು ಮನೆಗೆ ಹೋಗುತ್ತದೆ.

ಈ ಅಳತೆಗೋಲನ್ನು ಹಿಡಿದು ನಮ್ಮ ವಿಧಾನಮಂಡಲದ ಪ್ರಶ್ನೋತ್ತರಗಳನ್ನು ನೋಡಬೇಕು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ನಡುವೆ ಒಂದು ಗೆರೆ. ಪ್ರಶ್ನೆಗೆ ಅ, ಆ, ಇ ಎಂಬ ಅಂಗಗಳು. ರೂಪ ಅಚ್ಚುಕಟ್ಟಾದದ್ದೇ. ಆದರೆ ಒಳಗಿನ ವಾಕ್ಯ? ಅದರ ಮಾದರಿಯನ್ನು ನಾನೇ ಕಟ್ಟಿ ತೋರಿಸುತ್ತೇನೆ: ‘ಹೊನ್ನಾವರ ತಾಲ್ಲೂಕಿನಲ್ಲಿ ಏಕೋಪಾಧ್ಯಾಯ ಶಾಲೆಗಳಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಇಲ್ಲಿ ಕೇಳಿರುವುದು ಶಾಲೆಯನ್ನು ಕುರಿತಲ್ಲ, ಸರಕಾರದ ಗಮನವನ್ನು ಕುರಿತು. ‘ಬಂದಿದೆ’ ಎಂದರೆ ಪ್ರಶ್ನೆಯ ಮೊದಲ ಅರ್ಧ ತೀರಿತು. ಎರಡನೆಯ ಅರ್ಧಕ್ಕೆ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದರಾಯಿತು. ಕರ್ಮಣಿ ಪ್ರಯೋಗವನ್ನು ತರಗತಿಯಲ್ಲಿ ಕಲಿಸುವ ನನಗೆ ಈ ವಾಕ್ಯವನ್ನು ಕಂಡಾಗಲೆಲ್ಲ ಕೈ ತುರಿಸುತ್ತದೆ. ಕೈಗೊಳ್ಳುತ್ತಿರುವವರು ಯಾರು? ಎಂದಿನಿಂದ? ಮುಗಿಯುವುದೆಂದು? ಕರ್ತೃವಿಲ್ಲದ ವಾಕ್ಯದಲ್ಲಿ ಹೊಣೆಗಾರನೂ ಇಲ್ಲ.

ಅದನ್ನೇ ಹೀಗೆ ಕೇಳಬಹುದು: ‘ಹೊನ್ನಾವರ ತಾಲ್ಲೂಕಿನ ಯಾವ ಯಾವ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರಿದ್ದಾರೆ, ಅವರು ರಜೆಯ ಮೇಲೆ ಹೋದ ದಿನ ಪಾಠ ಹೇಳುವವರು ಯಾರು, ಎರಡನೆಯ ಶಿಕ್ಷಕರು ಯಾವ ತಿಂಗಳಲ್ಲಿ ಬರುತ್ತಾರೆ?’ ಇದರಲ್ಲಿಯೂ ವ್ಯಂಗ್ಯವಿಲ್ಲ, ಆರೋಪವಿಲ್ಲ. ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿ, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದು ಹೇಳುತ್ತದೆ. ಅಂದಮೇಲೆ ‘ಎರಡನೆಯ ಶಿಕ್ಷಕರು’ ಎಂಬ ಎರಡು ಪದಗಳ ಹಿಂದೆ ಒಂದು ಕಾಯಿದೆಯೇ ನಿಂತಿದೆ. ವಾಲಿಯ ‘ಮರೆಯಲ್ಲಿ’ ಎಂಬ ಪದದ ಜಾತಿಯದು ಇದು.

ಎಲ್ಲ ಮೌನವೂ ಜಾರಿಕೆಯೆಂದು ತಿಳಿಯಬಾರದು. ನ್ಯಾಯಾಧೀಶರ ನೇಮಕದ ವಿಷಯವನ್ನು ನೋಡಿರಿ. ಉಚ್ಚ ನ್ಯಾಯಾಲಯದ ಮತ್ತು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರ ಕರ್ತವ್ಯಪಾಲನೆಯನ್ನು ಶಾಸನಸಭೆಗಳಲ್ಲಿ ಚರ್ಚಿಸಬಾರದೆಂದು ಸಂವಿಧಾನದ 211ನೆಯ ವಿಧಿಯೂ, ಪದಚ್ಯುತಿಯ ಸಂದರ್ಭವೊಂದನ್ನು ಬಿಟ್ಟು ಪಾರ್ಲಿಮೆಂಟಿನಲ್ಲಿ ಚರ್ಚಿಸಬಾರದೆಂದು 121ನೆಯ ವಿಧಿಯೂ ಹೇಳುತ್ತವೆ. 1993ರ ತೀರ್ಪಿನಿಂದ ನೇಮಕದಲ್ಲಿ ಹಿರಿಯ ನ್ಯಾಯಾಧೀಶರ ಮಂಡಲಿಯ ಮಾತೇ ಮೇಲಾಯಿತು. ಅದನ್ನು ಬದಲಿಸಲು ಹೊರಟ ನೇಮಕಾತಿ ಆಯೋಗದ ಕಾಯಿದೆ 2015ರ ಅಕ್ಟೋಬರ್ 16ರಂದು ಬಿದ್ದುಹೋಯಿತು. ಆದುದರಿಂದ ಇಂಥವರನ್ನೇಕೆ ನೇಮಿಸಲಿಲ್ಲವೆಂಬ ಪ್ರಶ್ನೆಗೆ ಮಂತ್ರಿಗಳು ಬಾಯಿ ಬಿಗಿಹಿಡಿದರೆ ಅದಕ್ಕೆ ಕಾರಣವುಂಟು. ಆದರೆ ಎಷ್ಟು ಪೀಠಗಳು ಬರಿದಾಗಿವೆ, ಹೆಸರುಗಳು ದಿಲ್ಲಿಗೆ ಬಂದು ಎಷ್ಟು ದಿನಗಳಾದವು ಎಂದು ಕೇಳುವುದಕ್ಕೆ ಯಾವ ವಿಧಿಯೂ ಅಡ್ಡ ಬರುವುದಿಲ್ಲ. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಖಾಯಮ್ಮಾಯಿತು. ಭಟ್ಕಳದ ಕಕ್ಷಿಗಾರ ಈಗ ಮೇಲ್ಮನವಿಗೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಆದರೂ ಘಟ್ಟ ಹತ್ತಿ ಹೋದವನಿಗೆ ಪೀಠ ಬರಿದಾಗಿ ಕಂಡರೆ ದಾರಿ ಹತ್ತಿರವಾಗಿ ಫಲವೇನು? ಹೇಳಲಾಗದ ಉತ್ತರವನ್ನೂ ಹೇಳಲೊಲ್ಲದ ಉತ್ತರವನ್ನೂ ಬೇರ್ಪಡಿಸಿ ಕೇಳಬಲ್ಲವನೇ ಒಳ್ಳೆಯ ಪ್ರಶ್ನೆಗಾರ.

ಪ್ರಶ್ನೆ ಹುಟ್ಟಿದ ಲಾರ್ಡರ ಸಭೆಗೆ ಮತ್ತೊಮ್ಮೆ ಬರೋಣ. 1999ರ ಕಾಯಿದೆ ಅಲ್ಲಿಯ ವಂಶಪಾರಂಪರ್ಯದ ಸದಸ್ಯರಲ್ಲಿ 92 ಮಂದಿಗಷ್ಟೇ ಸ್ಥಾನ ಉಳಿಸಿ ಮಿಕ್ಕವರನ್ನು ಕಳಿಸಿತು. ಅವರನ್ನೂ ತೆಗೆಯುವ ಮಸೂದೆ 2024ರಲ್ಲಿ ಮಂಡಿತವಾಯಿತು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಹುಟ್ಟಿನಿಂದ ಬರುವ ಸ್ಥಾನ ಒಂದೂ ಇಲ್ಲ. ಅದರ ಬದಲು ಶಿಕ್ಷಕರಿಗೆಂದೇ ಏಳು ಸ್ಥಾನಗಳುಂಟು. ಒಳ್ಳೆಯದೇ. ಆದರೆ ಆ ಏಳಕ್ಕೆ ಮತ ಹಾಕುವವರು ಪ್ರೌಢಶಾಲೆಗೆ ಕಡಿಮೆಯಲ್ಲದ ಸಂಸ್ಥೆಗಳಲ್ಲಿ ಕಲಿಸುವವರು ಮಾತ್ರ. ಕಾಲೇಜಿನ ಉಪನ್ಯಾಸಕನಿಗೆ ಈ ಮತವುಂಟು. ಶರಾವತಿಯ ಆಚೆ ಒಬ್ಬರೇ ಐದು ತರಗತಿಗಳನ್ನು ನಡೆಸುವ ಅಕ್ಕೋರಿಗೆ ಇಲ್ಲ. ಅವರ ಪ್ರಶ್ನೆಯನ್ನು ಬೇರೆಯವರೇ ಕೇಳಬೇಕು. ಹೊನ್ನಾವರಕ್ಕಂತೂ ಈಗ ತನ್ನ ಹೆಸರಿನ ವಿಧಾನಸಭಾ ಕ್ಷೇತ್ರವೇ ಇಲ್ಲ. ತಾಲ್ಲೂಕು ಕುಮಟೆ ಮತ್ತು ಭಟ್ಕಳ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಕೇಳಿಸಬೇಕಾದವರು ಹೀಗೆ ದೂರದಲ್ಲಿರುವಾಗ ವಾಕ್ಯವಾದರೂ ನೆಟ್ಟಗಿರಬೇಡವೇ? ಹುಟ್ಟಿನಿಂದ ಬಂದ ಪೀಠಗಳನ್ನು ಇಂಗ್ಲಂಡು ಹೀಗೆ ಕಳೆಯಲು ಹೊರಟಿತು. ಕಚೇರಿಯಿಂದ ಕಚೇರಿಗೆ ಪಿತ್ರಾರ್ಜಿತವಾಗಿ ಬಂದ ‘ಪರಿಶೀಲನೆಯಲ್ಲಿದೆ’, ‘ಉದ್ಭವಿಸುವುದಿಲ್ಲ’ ಎಂಬ ವಾಕ್ಯಗಳನ್ನು ನಾವು ಇನ್ನೂ ಸಾಕಿಕೊಂಡಿದ್ದೇವೆ.

ಮಂತ್ರಿಗಳ ಉತ್ತರವನ್ನು ತಿದ್ದುವ ಅಧಿಕಾರ ನಮಗಿಲ್ಲ. ಪ್ರಶ್ನೆಯನ್ನು ತಿದ್ದುವ ಕೆಲಸ ನಮ್ಮದಾಗಬಹುದು. ನಮ್ಮ ಊರಿನ ಕುರಿತು ಸದಸ್ಯರು ಕೇಳಿದ್ದೇನು, ಬಂದ ಉತ್ತರವೇನು ಎಂಬುದನ್ನು ವಾಚಕರು ತರಿಸಿ ಓದಬೇಕು, ವಾಚನಾಲಯಗಳಲ್ಲಿ ಇಡಿಸಬೇಕು, ಕಾಲೇಜಿನ ಗದ್ಯದ ತರಗತಿಯಲ್ಲಿ ಹುಡುಗರಿಂದ ಬಿಡಿಸಿ ನೋಡಿಸಬೇಕು. ಸದಸ್ಯರಿಗೂ ಒಂದು ವಿನಂತಿ: ಶಾಲೆಯ ಕುರಿತ ಪ್ರಶ್ನೆಯನ್ನು ಬೆಂಗಳೂರಿಗೆ ಕಳಿಸುವ ಮೊದಲು ಆ ಶಾಲೆಯ ಜಗಲಿಯಲ್ಲಿಯೇ ಒಮ್ಮೆ ಗಟ್ಟಿಯಾಗಿ ಓದಿರಿ. ಮಗುವನ್ನು ಬಿಡಲು ಬಂದ ತಾಯಿ ‘ಹೌದು, ಇದನ್ನೇ ಕೇಳ್ಬೇಕು’ ಎಂದರೆ ಕಳಿಸಿರಿ. ಆಕೆ ಸುಮ್ಮನೆ ನಿಂತರೆ ಇನ್ನೊಮ್ಮೆ ಬರೆಯಿರಿ.