ಹೊಳೆ ನೋಡದ ಬ್ರಿಜ್

ಹೋದ ತಿಂಗಳು ಒಂದು ರವಿವಾರ, ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯೊಂದರಲ್ಲಿ ಮಲಪ್ರಭಾ ಹೊಳೆಯ ರೈಲ್ವೆ ಬ್ರಿಜ್ ಉದ್ಘಾಟನೆ ಆಯಿತು. ಹಾಜರಿದ್ದವರು ಮೂರೇ ಜನ: ಗೆಳೆಯ, ಅವನ ಹೆಂಡತಿ, ನಾನು. ರಿಬ್ಬನ್ ಇರಲಿಲ್ಲ, ಚುರಮರಿ ಮತ್ತು ಮಿರ್ಚಿ ಇದ್ದವು. ಪುಟ್ಟ ಡೀಸೆಲ್ ಎಂಜಿನ್ ಐದು ಡಬ್ಬಿ ಎಳೆದುಕೊಂಡು ಬ್ರಿಜ್ ದಾಟಿತು. ಅವನು ನನ್ನ ಮುಖ ನೋಡಿ, “ಹೆಂಗೈತಿ? ಖರೇ ಹೇಳ” ಅಂದ.

“ಮಸ್ತ್ ಐತಿ” ಅಂದೆ. ಅದು ಅರ್ಧ ಖರೆ. ಉಳಿದ ಅರ್ಧ ಇಲ್ಲಿದೆ. ಅವನ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ.

ಅವನು ರಾಮದುರ್ಗದವನು, ನಾನು ಬೈಲಹೊಂಗಲದವನು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕೂ ಊರಿಗೆ ರೈಲಿಲ್ಲ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಹತ್ತಿರ ಒಂದು ರೈಲ್ವೆ ಬ್ರಿಜ್ಜಿನ ಕೆಳಗೆ ಹಾಯುತ್ತಾಳೆ. ಮತ್ತೆ ರೈಲು ಕಾಣುವುದು ಗದಗ–ಬಾಗಲಕೋಟೆ ದಾರಿಯ ಹೊಳೆಆಲೂರಿನ ಹತ್ತಿರ. ನಡುವೆ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ನವಿಲುತೀರ್ಥ, ರಾಮದುರ್ಗ ಎಲ್ಲ ಬರುತ್ತವೆ, ರೈಲು ಮಾತ್ರ ಬರುವುದಿಲ್ಲ. ಲೋಂಡಾ ಸುತ್ತಿ 121 ಕಿ.ಮೀ. ಆಗುವ ಬೆಳಗಾವಿ–ಧಾರವಾಡ ಪ್ರಯಾಣವನ್ನು ಕಿತ್ತೂರಿನ ಮೇಲೆ 73 ಕಿ.ಮೀ.ಗೆ ಇಳಿಸುವ ಹೊಸ ಮಾರ್ಗ ಮಂಜೂರಾಗಿ ವರ್ಷಗಳಾದವು. ಧಾರವಾಡ–ಸವದತ್ತಿ–ರಾಮದುರ್ಗ–ಲೋಕಾಪುರ ಮಾರ್ಗವಂತೂ ಮನವಿಪತ್ರಗಳಲ್ಲೇ ಓಡುತ್ತಿದೆ.

ಗೆಳೆಯ ಆ ಎರಡನೇ ಮಾರ್ಗವನ್ನು ತನ್ನ ಬೆಡ್‌ರೂಮಿನಲ್ಲಿ ಹಾಕಿದ. 1882ರಲ್ಲಿ ಶುರುವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆಗಲೇ ರಾಮದುರ್ಗಕ್ಕೂ ಬಂದಿದ್ದರೆ ಹೇಗಿರುತ್ತಿತ್ತು ಅನ್ನುವುದು ಅವನ ಕಲ್ಪನೆ. ಆದ್ದರಿಂದ ಕಲ್ಲಿನ ಕಂಬ, ರಿವೆಟ್ ಹೊಡೆದ ಉಕ್ಕಿನ ಗರ್ಡರ್.

ಮೊದಲು ಮೆಚ್ಚುಗೆ, ಯಾಕಂದ್ರೆ ಅದು ಪೂರ್ತಿ ಸಲ್ಲಬೇಕಾದದ್ದು. ಮಾಡೆಲ್ ರೈಲ್ವೆಯಲ್ಲಿ ಎರಡು ದಾರಿ. ಒಂದು, ಡಬ್ಬಿಯಲ್ಲಿ ಬರುವ ಕಿಟ್: ತುಂಡು ಬಿಡಿಸು, ಅಂಟಿಸು, ಮುಗಿಸು. ಇನ್ನೊಂದು, ಹಾಳೆ, ಕಡ್ಡಿ, ತಂತಿಯಿಂದ ಎಲ್ಲವನ್ನೂ ಕೈಯಾರೆ ಮಾಡುವ ಸ್ಕ್ರ್ಯಾಚ್ ಬಿಲ್ಡಿಂಗ್. ಅಂಗಡಿಯ ಕಿಟ್‌ಗಳು ಬಹುಪಾಲು ಜರ್ಮನಿ, ಅಮೆರಿಕದ ಹೊಳೆಗಳಿಗೆ ಹುಟ್ಟಿದವು. ಇವನು ಎರಡನೇ ದಾರಿ ಹಿಡಿದ. ಸನ್‌ಬೋರ್ಡ್, ಮೌಂಟ್ ಬೋರ್ಡ್, ಸೈಕಲ್ ಕಡ್ಡಿ, ಅರಾಲ್ಡೈಟ್. ಖಾಲಿ ರಿಫಿಲ್ಲಿನ ಬಾಲ್‌ಪೆನ್ನನ್ನು ದಪ್ಪ ಹಾಳೆಯ ಹಿಂಬದಿಗೆ ಒತ್ತಿ ಒಂದೊಂದೇ ರಿವೆಟ್ ಎಬ್ಬಿಸಿದ್ದಾನೆ. ಮೇಲೆ ನಮ್ಮ ರೈಲ್ವೆಯವರು ಬಳಿಯುವ ಬೆಳ್ಳಿಬೂದಿ ಅಲ್ಯುಮಿನಿಯಂ ಬಣ್ಣ, ಅಂಚಿನಲ್ಲಿ ರೆಡ್ ಆಕ್ಸೈಡ್ ಇಣುಕುತ್ತದೆ. ನಾಲ್ಕು ತಿಂಗಳ ವೀಕೆಂಡು ಅದರಲ್ಲಿ ಕರಗಿದೆ.

ಇನ್ನು ತಕರಾರು. ಹಳಿಯ ಅಗಲದ ಬಗ್ಗೆ ನಾನು ಜಗಳ ತೆಗೆಯುವುದಿಲ್ಲ. ಅವನದು ಎಚ್‌ಓ ಸ್ಕೇಲ್, ಅಂದ್ರೆ ನಿಜದ 87ರಲ್ಲಿ ಒಂದು ಭಾಗ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಈ ಲೆಕ್ಕದಲ್ಲಿ ಹಳಿಗಳ ನಡುವೆ 19.3 ಮಿ.ಮೀ. ಇರಬೇಕು. ಮಾರುಕಟ್ಟೆಯಲ್ಲಿ ಸಿಗುವ ಹಳಿ 16.5 ಮಿ.ಮೀ., ಅದು ಯುರೋಪಿನ ಗೇಜಿನ ಲೆಕ್ಕ. ಅದರ ಮೇಲೆ ಭಾರತದ ರೈಲು ಓಡಿಸುವವರೆಲ್ಲ ಈ ಸುಳ್ಳನ್ನು ಹೇಳಲೇಬೇಕು. ಅದು ಅನಿವಾರ್ಯ ಸುಳ್ಳು. ನನ್ನ ತಕರಾರು ಆರಾಮಕ್ಕೆ ಹೇಳಿದ ಸುಳ್ಳುಗಳ ಬಗ್ಗೆ.

ಮೊದಲನೆಯದು ಸ್ಪ್ಯಾನ್. ಟೇಬಲ್ಲಿನ ನಡುವೆ ಅವನು ಒಂದೇ ದೊಡ್ಡ ಟ್ರಸ್ ನಿಲ್ಲಿಸಿದ್ದಾನೆ. ರೈಲ್ವೆಯ 61 ಮೀಟರ್ ಸ್ಪ್ಯಾನ್ ಇಲ್ಲಿ 70 ಸೆಂ.ಮೀ. ಆಗಿದೆ. ಫೋಟೋದಲ್ಲಿ ಭಾರೀ ಕಾಣುತ್ತದೆ. ಆದರೆ ಎಂಜಿನಿಯರ್ ಅಷ್ಟು ಉದ್ದದ ಟ್ರಸ್ ಹಾಕುವುದು ನಡುವೆ ಕಂಬ ಇಳಿಸುವುದು ಕಷ್ಟವಾದಾಗ, ಅಂದ್ರೆ ಕಣಿವೆ ಆಳವಿದ್ದಾಗ, ನೀರು ಆಳವಿದ್ದಾಗ. ಒಂದು ಕಂಬಕ್ಕೆ ಬೀಳುವ ಖರ್ಚು, ಒಂದು ಸ್ಪ್ಯಾನಿನ ಉಕ್ಕಿಗೆ ಬೀಳುವ ಖರ್ಚು ಹೆಚ್ಚುಕಡಿಮೆ ಸಮ ಬಂದಲ್ಲಿ ಬ್ರಿಜ್ ಅಗ್ಗ ಅನ್ನುವುದು ಆ ವಿದ್ಯೆಯ ಹಳೆಯ ಲೆಕ್ಕ. ರಾಮದುರ್ಗದ ಮಲಪ್ರಭೆ ಕಣಿವೆಯ ಹೊಳೆಯಲ್ಲ. ದಂಡೆ ತಗ್ಗು, ಪಾತ್ರ ಚಪ್ಪಟೆ, ಬೇಸಿಗೆಯಲ್ಲಿ ನಡೆದು ದಾಟಬಹುದು. ಇಲ್ಲಿ 18.3 ಮೀಟರಿನ ಸಾದಾ ಪ್ಲೇಟ್ ಗರ್ಡರ್ ಸಾಲಾಗಿ ಬರಬೇಕಿತ್ತು. ಮಾಡೆಲ್‌ನಲ್ಲಿ ಒಂದೊಂದೂ 21 ಸೆಂ.ಮೀ. ಆರು ಸ್ಪ್ಯಾನ್ ಹಾಕಿದರೆ ಕಂಬಗಳ ದಪ್ಪ ಸೇರಿ ನಾಲ್ಕೂವರೆ ಅಡಿ, ಅವನ ಟೇಬಲ್ಲಿಗೆ ಕೂಡುತ್ತಿತ್ತು. ನೋಡಲು ಬೋರು, ಖರೆ. ಆದರೆ ಆ ಬೋರೇ ನಮ್ಮ ಹೊಳೆಯ ಮುಖ.

ಎರಡನೆಯದು ಕಲ್ಲು. ಕಂಬಗಳಿಗೆ ಯೂಟ್ಯೂಬಿನಲ್ಲಿ ನೋಡಿದ ತಣ್ಣನೆಯ ಬೂದು ಬಣ್ಣ ಬಳಿದಿದ್ದಾನೆ. ಭೂವಿಜ್ಞಾನಿಗಳು ಕಲಾದಗಿ ಸೀಮೆಯ ಕಲ್ಲಿನ ಪದರುಗಳನ್ನು ವಿಂಗಡಿಸುವಾಗ ಒಂದಕ್ಕೆ ‘ಸವದತ್ತಿ ಕ್ವಾರ್ಟ್‌ಜೈಟ್’, ಇನ್ನೊಂದಕ್ಕೆ ‘ರಾಮದುರ್ಗ ಫಾರ್ಮೇಶನ್’ ಅಂತ ಹೆಸರಿಟ್ಟಿದ್ದಾರೆ. ರೈಲ್ವೆ ನಕ್ಷೆಯಲ್ಲಿ ಇಲ್ಲದ ಊರುಗಳು ಕಲ್ಲಿನ ನಕ್ಷೆಯಲ್ಲಿ ಇವೆ! ಅಂಥ ಊರಿನ ಹುಡುಗ ಕಂಬಕ್ಕೆ ಪರದೇಶದ ಗ್ರಾನೈಟ್ ಬಳಿಯಬಾರದಿತ್ತು.

ಮೂರನೆಯದು ನೀರು. ಇದೇ ದೊಡ್ಡದು. ರೆಸಿನ್ ಸುರುವಿ ಮಾಡಿದ ನೀಲಿ ಹೊಳೆ, ಒಂದೇ ಮಟ್ಟ, ಕನ್ನಡಿಯ ಹಾಗೆ. ನವಿಲುತೀರ್ಥ ಡ್ಯಾಮ್ ಕಟ್ಟಿದ ಮೇಲೆ ಅದರ ಕೆಳಗಿನ ಮಲಪ್ರಭೆ ಗೇಟು ಹೇಳಿದಂತೆ ಕೇಳುವ ಹೊಳೆ. ಬೇಸಿಗೆಯಲ್ಲಿ ಉಸುಕು, ಜಾಲಿಕಂಟಿ, ಅಲ್ಲಲ್ಲಿ ನಿಂತ ನೀರು. ಮಳೆಗಾಲದಲ್ಲಿ ಗೇಟು ತೆರೆದರೆ ಕೆಂಪು ರಾಡಿ. ಇವನ ನೀರಿಗೂ ಗರ್ಡರಿಗೂ ನಡುವಿನ ಅಂತರ 4 ಸೆಂ.ಮೀ., ನಿಜದಲ್ಲಿ ಮೂರೂವರೆ ಮೀಟರ್. ಕಂಬಗಳು ಚೌಕಾಕಾರ, ಪ್ರವಾಹ ಸೀಳುವ ಚೂಪು ಮೂತಿ ಇಲ್ಲ. ಈ ಕಂಬಗಳು ಎಂದೂ ಪ್ರವಾಹ ಕಂಡಿಲ್ಲ, ಕಾಣುವ ಅಂದಾಜೂ ಅವಕ್ಕಿಲ್ಲ.

ಇದನ್ನೆಲ್ಲ ಆಮೇಲೆ ಫೋನಿನಲ್ಲಿ ಹೇಳಿದಾಗ ಅವನು ಕೊಟ್ಟ ಉತ್ತರ ಗಟ್ಟಿಯಾಗಿತ್ತು. “ಲೇ, ಅಲ್ಲಿ ರೈಲೇ ಇಲ್ಲ. ಇಲ್ಲದ ಬ್ರಿಜ್ಜಿಗೆ ಎಂಥಾ ತಪ್ಪು, ಎಂಥಾ ಒಪ್ಪು? ನನ್ನ ಕಲ್ಪನಾ, ನನ್ನ ಟೇಬಲ್ಲು.”

ಎರಡು ದಿನ ಈ ಮಾತನ್ನೇ ಯೋಚಿಸಿದೆ. ಹೊಳೆಆಲೂರಿನ ಬ್ರಿಜ್ಜನ್ನು ನಕಲು ಮಾಡಿದ್ದರೆ ತಪ್ಪು ಹಿಡಿಯಲು ಫೋಟೋ ಇರುತ್ತಿತ್ತು, ಅಳತೆ ಇರುತ್ತಿತ್ತು. ಒಂದು ಕಂಬ ತಪ್ಪಿದರೂ ನೋಡಿದವನು ಮನಸ್ಸಿನಲ್ಲೇ ಅಸಲಿಯನ್ನು ತಂದು ಕೂಡಿಸಿಕೊಳ್ಳುತ್ತಾನೆ. ಕಲ್ಪನೆಯ ಬ್ರಿಜ್ಜಿಗೆ ಆ ಆಸರೆ ಇಲ್ಲ. ಅದಕ್ಕೆ ಇರುವ ಒಂದೇ ಸಾಕ್ಷಿ ಹೊಳೆ. ಬ್ರಿಜ್ ಸುಳ್ಳಾದರೂ ಹೊಳೆ ಖರೆ ಇದ್ದರೆ ನೋಡಿದವನಿಗೆ ‘ಹೌದಲ್ಲ, ಇಲ್ಲಿ ರೈಲು ಬರಬಹುದಿತ್ತಲ್ಲ’ ಅನ್ನಿಸುತ್ತದೆ. ಎರಡೂ ಸುಳ್ಳಾದರೆ ಅದು ಬರೀ ಆಟಿಕೆ. ಮನವಿಪತ್ರಕ್ಕೆ ಬೇರೆ ಊರಿನ ವಿಳಾಸ ಬರೆದ ಹಾಗೆ.

ಇಷ್ಟು ಹೇಳಿ ನಾನು ಗೆದ್ದೆ ಅಂದುಕೊಂಡೆ. ಜೋರಿನಲ್ಲಿ ಇನ್ನೊಂದು ಮಾತೂ ಸೇರಿಸಿದೆ: “ಅಲ್ಲೋ, 2019 ಎಲ್ಲಿ ಐತಿ ನಿನ್ನ ಹೊಳ್ಯಾಗ?”

ಆ ಕಡೆ ಮಾತಿಲ್ಲ.

ಆಗಸ್ಟ್ 2019ರ ಪ್ರವಾಹದಲ್ಲಿ ರಾಮದುರ್ಗ ತಾಲೂಕಿನ ಹೊಳೆದಂಡೆ ನೀರಿನಲ್ಲಿತ್ತು. ಅವನ ಮನೆಯೂ. ಹಿಂದಿನ ಗೋಡೆ ಕುಸಿದು ಅವನ ಅವ್ವ ಎರಡು ವಾರ ಮಂದಿ ಮನೆಯಲ್ಲಿ ಇದ್ದರು. ಅವನು ಇಲ್ಲಿ ಆಫೀಸಿನಲ್ಲಿ ಕೂತು ಫೋನು ಹಚ್ಚುತ್ತಲೇ ಇದ್ದ, ಹತ್ತುತ್ತಿರಲಿಲ್ಲ. ನನಗೆ ಇದು ಗೊತ್ತಿತ್ತು. ಸ್ಪ್ಯಾನ್ ಲೆಕ್ಕ ಹಾಕುವಾಗ ಮರೆತಿದ್ದೆ.

“ಆ ನೀರು ನಾ ಮಾಡಂಗಿಲ್ಲಪ” ಅಂದ ಕೊನೆಗೆ. “ಟೇಬಲ್ ಮ್ಯಾಲಾದ್ರೂ ಹೊಳಿ ಸುಮ್ನ ಇರಲಿ.”

ಆ ನೀಲಿ ಅಜ್ಞಾನದ್ದಲ್ಲ, ಬೇಕಂತಲೇ ಆರಿಸಿಕೊಂಡದ್ದು. ಅಲ್ಲಿಗೆ ನನ್ನ ಮೂರನೇ ತಕರಾರಿನ ಅರ್ಧ ಬಿದ್ದುಹೋಯಿತು, ಒಪ್ಪುತ್ತೇನೆ. ಇನ್ನರ್ಧ ಮಾತ್ರ ಬಿಡಲಾರೆ. ಹೊಳೆ ಸುಮ್ಮನಿರಲಿ, ಆದರೆ ಬ್ರಿಜ್ಜಿಗೆ ಆ ನೀರು ಗೊತ್ತಿರಬೇಕು. ರೈಲ್ವೆಯವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಹೊಳೆಯ ಬ್ರಿಜ್ಜುಗಳ ಕಂಬಗಳ ಮೇಲೆ ಹಿಂದೆಂದೋ ನೀರು ಏರಿದ ಅತಿ ಎತ್ತರದ ಮಟ್ಟಕ್ಕೆ ಒಂದು ಗೆರೆ, ಪಕ್ಕದಲ್ಲಿ ವರ್ಷ ಬರೆದಿರುತ್ತಾರೆ. ಅಪಾಯದ ಮಟ್ಟಕ್ಕೆ ಕೆಂಪು ಪಟ್ಟಿ. ಮಾರ್ಚ್ ತಿಂಗಳಲ್ಲಿ ಕೆಳಗೆ ಉಸುಕಿದ್ದು ಕುರಿ ಮೇಯುತ್ತಿದ್ದರೂ ಆ ಗೆರೆ ಮೇಲೆ ಇರುತ್ತದೆ. ನೋಡುವವನು ತಲೆ ಎತ್ತಿದರೆ ಸಾಕು.

ಅದನ್ನೇ ಹೇಳಿದೆ. ಟ್ರಸ್ ಬೇಕಾದರೆ ಇಟ್ಟುಕೋ. ಕಂಬದ ಮುಂದೆ ಒಂದು ಚೂಪು ಮೂತಿ ಅಂಟಿಸು, ಕಲ್ಲಿಗೆ ನಮ್ಮ ಗುಡ್ಡದ ಬಣ್ಣ ಕೊಡು. ಆಮೇಲೆ ಒಂದೇ ಒಂದು ಬಿಳಿ ಗೆರೆ, ಅರ್ಧ ಮಿಲಿಮೀಟರಿನದು, ಪಕ್ಕದಲ್ಲಿ 2019.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಎಷ್ಟ ಎತ್ತರಕ್ಕ ಹಾಕ್ಲಿ?”

ಅದು ನನಗೆ ಹೇಗೆ ಗೊತ್ತಾಗಬೇಕು. “ಅವ್ವಗ ಫೋನ್ ಹಚ್ಚು” ಅಂದೆ. “ಗ್ವಾಡಿ ಮ್ಯಾಲ ಎಲ್ಲೀ ತನಕಾ ಬಂದಿತ್ತು ಅಂತ ಅವ್ರೇ ಹೇಳ್ತಾರ. ಅದನ್ನ 87ರಿಂದ ಭಾಗಿಸು.”