ರಾವಣನ ಅನುತಾಪ, ಮಾರಿದತ್ತನ ಅನುತಾಪ

ಶ್ರದ್ಧೆಯುಳ್ಳವನು ತಪ್ಪು ಮಾಡನೆಂಬುದು ಲೋಕದ ಸಾಮಾನ್ಯವಾದ ಎಣಿಕೆ. ಕನ್ನಡದ ಜೈನಕವಿಗಳು ಇದನ್ನು ಅಷ್ಟು ಸುಲಭವಾಗಿ ಒಪ್ಪಿದವರಲ್ಲ. ಶ್ರದ್ಧೆಯಿದ್ದೂ ಎಡವಿದವನ ಅಂತರಂಗದಲ್ಲಿ ನಡೆಯುವುದೇನು, ಎಡವಿದುದು ತಿಳಿದ ಮೇಲೆ ಅವನು ಮಾಡುವುದೇನು ಎಂಬೀ ಎರಡು ಪ್ರಶ್ನೆಗಳನ್ನು ಅವರು ಕಾವ್ಯವಸ್ತುವಾಗಿಸಿದರು. ಸುಮಾರು 1100ರಲ್ಲಿದ್ದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವನ್ನೂ ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯನ್ನೂ ಜೊತೆಯಲ್ಲಿಟ್ಟು ಓದಿದರೆ, ಅನುತಾಪವು ಎಲ್ಲಿ ಫಲಿಸುವುದು, ಎಲ್ಲಿ ಬರಡಾಗುವುದು ಎಂಬುದು ಸಹೃದಯರಿಗೆ ತೋರದಿರದು.

ಪಂಪರಾಮಾಯಣವೆಂದೇ ಹೆಸರಾದ ನಾಗಚಂದ್ರನ ಕಾವ್ಯದಲ್ಲಿ ರಾವಣನು ಕಥೆಗಳ ಕ್ರೂರರಕ್ಕಸನಲ್ಲ. ವಿದ್ಯಾಧರರ ಒಡೆಯನು, ಜಿನಭಕ್ತನು, ತನಗೊಲಿಯದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ತಾನಾಗಿ ಒಲಿದು ಬಂದ ಉಪರಂಭೆಯನ್ನು ಪತಿಯ ಬಳಿಗೇ ಹಿಂದಿರುಗಿಸಿದ ಹಿರಿಮೆ ಅವನದು. ಅಂತಹವನ ಮನಸ್ಸು ಸೀತೆಯನ್ನು ಕಂಡು ಕದಡಿತು. ಅಪಹರಣವೆಂಬ ಅಕೃತ್ಯವನ್ನು ವ್ರತವು ತಡೆಯಲಿಲ್ಲ. ಆದರೆ ಲಂಕೆಯಲ್ಲಿ ಅವನ ಕೈಯನ್ನು ಹಿಡಿದು ನಿಲ್ಲಿಸಿದುದು ಆ ವ್ರತವೇ. ಶ್ರದ್ಧೆಯ ಬಲವೂ ಅದರ ಮಿತಿಯೂ ಇಲ್ಲಿ ಒಟ್ಟಿಗೇ ಕಾಣುತ್ತವೆ. ಶಾಂತಿನಾಥನ ಬಸದಿಯಲ್ಲಿ ಕುಳಿತು ಬಹುರೂಪಿಣೀವಿದ್ಯೆಯನ್ನು ಸಾಧಿಸುವಾಗ ರಾವಣನ ಏಕಾಗ್ರತೆ ಕದಲದು. ಆದರೆ ಆ ಸಾಧನೆಯ ಗುರಿ ಆತ್ಮಶುದ್ಧಿಯಲ್ಲ, ಗೆಲವು.

ವಿದ್ಯೆ ಕೈಗೂಡಿದ ಹೆಮ್ಮೆಯಿಂದ ಅವನು ಸೀತೆಯ ಬಳಿಗೆ ಬರುತ್ತಾನೆ. ರಾಮನಿಗೊದಗಲಿರುವ ಕೇಡನ್ನು ಕೇಳಿ ಆಕೆ ಮೂರ್ಛೆಹೋಗುತ್ತಾಳೆ. ವಿಭೀಷಣನ ನೀತಿಬೋಧೆಯಿಂದ ಆಗದಿದ್ದುದು ಆ ಒಂದು ಮೂರ್ಛೆಯಿಂದ ಆಗುತ್ತದೆ. ಒಲಿದ ದಂಪತಿಗಳನ್ನು ಅಗಲಿಸಿದೆನಲ್ಲಾ ಎಂದು ರಾವಣನು ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಮೋಹವು ಅಲ್ಲಿಯೇ ಕಳಚಿಬೀಳುತ್ತದೆ. ಈ ಅನುತಾಪದಲ್ಲಿ ಕಪಟವಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತನಾಯಕನನ್ನು ಕಂಡುದು ಯುಕ್ತವೇ ಆಗಿದೆ.

ಆದರೆ ಮರುಕ್ಷಣದಲ್ಲಿಯೇ ಮತ್ತೊಂದು ಯೋಚನೆ ತಲೆಯೆತ್ತುತ್ತದೆ. ಈಗಲೇ ಸೀತೆಯನ್ನು ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕವು ಆಡಿಕೊಳ್ಳದೆ? ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು, ಆಮೇಲೆ ಗೌರವದಿಂದ ಆಕೆಯನ್ನು ಒಪ್ಪಿಸುವೆನೆಂದು ಅವನು ನಿಶ್ಚಯಿಸುತ್ತಾನೆ. ತಪ್ಪು ತಿಳಿಯಿತು, ಬಯಕೆ ಅಳಿಯಿತು, ಉಳಿದುದು ಅಭಿಮಾನವೊಂದೇ. ಆ ಒಂದಕ್ಕಾಗಿ ಕಾರಣವೇ ಇಲ್ಲದೆ ಹೋದ ಯುದ್ಧವು ಮುಂದುವರಿಯಿತು. ತಾನು ಎಸೆದ ಚಕ್ರವೇ ಲಕ್ಷ್ಮಣನ ವಶವಾಗಿ ತಿರುಗಿ ಬಂದು ರಾವಣನನ್ನು ಕೊಂದಿತು. ಒಡೆಯನ ಮನಸ್ಸು ತಿರುಗಿದ ಸಂಗತಿಯನ್ನರಿಯದೆಯೇ ಅವನ ಪಡೆಯವರು ಮಡಿದರು.

ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಪಾಪವಿಮೋಚನೆಯ ಸಾಧನಗಳನ್ನೆಣಿಸುವಾಗ ಅನುತಾಪಕ್ಕಿಂತ ಮೊದಲು ಖ್ಯಾಪನವನ್ನು, ಎಂದರೆ ಮಾಡಿದುದನ್ನು ಬಾಯಿಬಿಟ್ಟು ಹೇಳುವುದನ್ನು, ಹೆಸರಿಸುತ್ತದೆ. ಜೈನರ ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿಯೂ ಮೊದಲನೆಯದು ಆಲೋಚನೆ; ಗುರುವಿನ ಮುಂದೆ ದೋಷವನ್ನು ನಿವೇದಿಸಿಕೊಳ್ಳುವುದು ಎಂದು ಅದರ ಅರ್ಥ. ಎರಡು ಮತಗಳ ಶಾಸ್ತ್ರಗಳೂ ಈ ಒಂದು ವಿಷಯದಲ್ಲಿ ಏಕಕಂಠವಾಗಿರುವುದು ಆಕಸ್ಮಿಕವಲ್ಲ. ರಾವಣನಿಗೆ ಅನುತಾಪವಿತ್ತು, ಖ್ಯಾಪನವಿರಲಿಲ್ಲ.

ಇನ್ನು ಮಾರಿದತ್ತ. ರಾಜಪುರದ ಈ ಅರಸನು ಚಂಡಮಾರಿಯ ಜಾತ್ರೆಯಲ್ಲಿ ನರಬಲಿಗೆಂದು ಹಿಡಿತರಿಸಿದ ಅಭಯರುಚಿ, ಅಭಯಮತಿಯರೆಂಬ ಎಳೆಯರ ಮುಂದೆ ಕತ್ತಿ ಹಿಡಿದು ನಿಂತಿದ್ದಾನೆ. ಅವರ ನಿರ್ಭಯವನ್ನು ಕಂಡು ಬೆರಗಾಗಿ ಕೇಳಿದಾಗ ಅಭಯರುಚಿಯು ತಮ್ಮ ಪೂರ್ವಜನ್ಮಗಳ ಕಥೆಯನ್ನು ಹೇಳುತ್ತಾನೆ. ಹಿಂದೆ ಯಶೋಧರನಾಗಿದ್ದಾಗ ತಾನು ಜೀವಬಲಿಗೆ ಒಪ್ಪದೆ, ತಾಯಿ ಚಂದ್ರಮತಿಯ ಮಾತನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ಕಡಿದೆನು. ಕೊಲ್ಲುವ ಸಂಕಲ್ಪವೊಂದಕ್ಕಾಗಿ ತಾಯಿಮಗ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಿದೆವು ಎಂಬುದು ಅದರ ತಿರುಳು. ಹಿಟ್ಟಿನ ಕೋಳಿಗೇ ಇಷ್ಟು ದಂಡವಾದರೆ ನಿಜವಾದ ಜೀವಗಳ ಬಲಿಗೆ ಎಷ್ಟೆಂದು ಅರಸನ ಎದೆ ನಡುಗುತ್ತದೆ. ಅವನು ನಾಳೆಗೆಂದು ಕಾಯಲಿಲ್ಲ, ಮಾನದ ಲೆಕ್ಕವನ್ನೂ ಹಾಕಲಿಲ್ಲ. ಬಲಿಗೆಂದು ನೆರೆದ ಅದೇ ಜನರ ಎದುರಿನಲ್ಲಿ, ಅದೇ ಗುಡಿಯಲ್ಲಿ ಹಿಂಸೆಯನ್ನು ತೊರೆದನು. ಒಬ್ಬನ ಪಶ್ಚಾತ್ತಾಪವು ಒಂದು ಊರಿನ ಆಚಾರವನ್ನೇ ತಿದ್ದಿತು.

ಕಾವ್ಯದೃಷ್ಟಿಯಿಂದ ತೂಗಿದರೆ ನಾಗಚಂದ್ರನ ಚಿತ್ರಣವೇ ಮೇಲು. ಮಾರಿದತ್ತನ ಪರಿವರ್ತನೆ ಕ್ಷಿಪ್ರವಾದುದು; ದೇವಿಯೇ ಪ್ರತ್ಯಕ್ಷಳಾಗಿ ಬಲಿಯನ್ನು ನಿಷೇಧಿಸುವುದರಿಂದ ಅವನ ದಾರಿ ಸುಗಮವೂ ಆಯಿತು. ಅರಸುತನವನ್ನೇ ಬಿಟ್ಟು ದೀಕ್ಷೆಗೆ ತೆರಳಿದುದರಿಂದ, ಬದಲಾದ ಊರಿನೊಡನೆ ಬಾಳುವ ಕಷ್ಟವು ಅವನ ಪಾಲಿಗೆ ಬರಲಿಲ್ಲ. ರಾವಣನ ತೊಳಲಾಟದಲ್ಲಿರುವ ಮನುಷ್ಯಸತ್ಯವು ಇಲ್ಲಿಲ್ಲ. ಆದರೆ ಬಾಳಿನ ದೃಷ್ಟಿಯಿಂದ ತೂಗಿದರೆ ತಕ್ಕಡಿಯು ಜನ್ನನ ಕಡೆಗೆ ವಾಲುತ್ತದೆ. ಇಬ್ಬರಿಗೂ ಅರಿವು ಬಂದಾಗ ಕಾಲ ಮೀರಿರಲಿಲ್ಲ: ಸೀತೆ ಜೀವಂತಳಾಗಿದ್ದಳು, ಎಳೆಯರ ಮೇಲೆ ಕತ್ತಿ ಬಿದ್ದಿರಲಿಲ್ಲ. ಆ ಹೊತ್ತನ್ನು ಒಬ್ಬನು ಬಳಸಿಕೊಂಡನು, ಇನ್ನೊಬ್ಬನು ಕಳೆದುಕೊಂಡನು.

ಪ್ರಾಣಿಬಲಿಯನ್ನು ತಡೆಯಲು ಈ ನಾಡಿನಲ್ಲಿ 1959ರಲ್ಲಿ ಶಾಸನವೇ ಆಯಿತು. ಶಾಸನವು ಕೈಯನ್ನು ತಡೆದೀತು. ಹಿಟ್ಟಿನ ಕೋಳಿಯನ್ನು ಕಡಿಯುವ ಸಂಕಲ್ಪವನ್ನು ತಡೆಯಲಾರದು. ಅದನ್ನು ತಡೆಯತಕ್ಕುದು ಶ್ರದ್ಧೆ. ಶ್ರದ್ಧೆ ಸೋತಲ್ಲಿ ಅನುತಾಪ. ಮಗನ ಮುಂದೆ ತಪ್ಪನ್ನೊಪ್ಪಿದರೆ ಹಿರಿತನವೆಲ್ಲಿ ಉಳಿದೀತೆಂದು ಅಳುಕುವ ತಂದೆಯಲ್ಲಿ, ಸಭೆಯ ಮುಂದೆ ಒಪ್ಪಿದರೆ ಪದವಿಗೆ ಕುಂದೆಂದು ಮೌನ ತಾಳುವ ಅಧಿಕಾರಿಯಲ್ಲಿ ಇಂದಿಗೂ ಲಂಕೆಯ ಅರಸನೇ ಇದ್ದಾನೆ. ಅಂಥವರ ಮನಸ್ಸು ಒಳಗೊಳಗೇ ಬೇಯುತ್ತಿರಬಹುದು. ಆದರೆ ನೊಂದವರಿಗೆ ಆ ಬೇಗೆಯಿಂದ ನೆಮ್ಮದಿಯಾಗದು. ಅನುತಾಪವು ನಾಲಗೆಗೆ ಬಂದು, ಕೈಗಿಳಿದು, ನೊಂದವರನ್ನು ಮುಟ್ಟಿದಾಗಲೇ ಪೂರ್ಣವೆನಿಸುತ್ತದೆ.