ಉಜ್ಜಬೇಡಿ, ಓದಿ

ಹಳೆಯ ಫೌಜಿ ಬಂದೂಕಿನ ಬೆಲೆ ಇರುವುದು ಅದರ ಸವೆತದಲ್ಲಿ. ಮಿರಮಿರ ಹೊಳೆಯುವ ನಳಿಗೆ ಕಂಡರೆ ನನಗೆ ಮೊದಲು ಬರುವುದು ಅನುಮಾನ. ಕೈಬೆವರು ಕುಡಿದು ಕಪ್ಪಾದ ಕಟ್ಟಿಗೆ, ಅಂಚು ಕರಗಿದ ಮುದ್ರೆ ಇದ್ದರೆ ಕೂತು ನೋಡಬೇಕು.

ಮುದ್ರೆಗಳೇ ಬಂದೂಕಿನ ಜಾತಕ. ಎದ್ದು ನಿಂತ ಸಿಂಹವಿದ್ದರೆ ಈಸ್ಟ್ ಇಂಡಿಯಾ ಕಂಪನಿಯದು. ಕಿರೀಟದ ಕೆಳಗೆ 'ವಿ.ಆರ್.' ಎಂದಿದ್ದರೆ ವಿಕ್ಟೋರಿಯಾ ಕಾಲದ್ದು. ಬಾಣದ ಗುರುತಿನ ಜತೆ 'ಐ' ಅಕ್ಷರವಿದ್ದರೆ ಹಿಂದುಸ್ತಾನದ ಸರ್ಕಾರಿ ಸ್ವತ್ತು. ಬಂಗಾಳದ ಇಶಾಪುರದಲ್ಲಿ ತಯಾರಾದ .303 ರೈಫಲ್‌ಗಳ ಮೇಲೆ ಸ್ವಾತಂತ್ರ್ಯದ ನಂತರ ಕಿರೀಟ ಹೋಗಿ ಅಶೋಕನ ಸಿಂಹ ಬಂತು.

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ನಳಿಗೆಯ ಒಳಮೈ. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ನಳಿಗೆಯ ಒಳವ್ಯಾಸ .577 ಇಂಚು, ಒಳಗೆ ತಿರುಚಿದ ಮೂರು ತೋಡುಗಳಿದ್ದು ಗುಂಡು ದೂರಕ್ಕೂ ಗುರಿ ತಪ್ಪುತ್ತಿರಲಿಲ್ಲ. 1857ರ ದಂಗೆಯ ನಂತರ ಬ್ರಿಟಿಷರು ನಮ್ಮ ಸಿಪಾಯಿಗಳಿಗೆ ಅದೇ ರೂಪದ, ತೋಡಿಲ್ಲದ ನುಣುಪು ನಳಿಗೆಯ ಬಂದೂಕು ಕೊಟ್ಟರು. ಹೊರಗಿನಿಂದ ಎರಡೂ ಅವಳಿ-ಜವಳಿ. ದೀಪ ಹಿಡಿದು ಇಣುಕಿದರೆ ಮಾತ್ರ ಸಾಮ್ರಾಜ್ಯದ ಅಪನಂಬಿಕೆ ಕಾಣುತ್ತದೆ.

ಆ ಅಪನಂಬಿಕೆ ನಮ್ಮ ಸೀಮೆಗೂ ಬಂದಿತ್ತು. ಮುಧೋಳ ಸೀಮೆಯ ಹಲಗಲಿ ಬೇಡರು 1857ರಲ್ಲಿ ಬ್ರಿಟಿಷರಿಗೆ ಆಯುಧ ಒಪ್ಪಿಸಲು ಒಲ್ಲೆವೆಂದರು. ಬೇಟೆಯೇ ಬದುಕಾದವರಿಗೆ ಅದು ಮಾನದ ಪ್ರಶ್ನೆ. ಸೇನೆ ಊರಿಗೆ ಬೆಂಕಿಯಿಟ್ಟಿತು; ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿತು. ಅವರ ಕಥೆ ಲಾವಣಿಯಾಗಿ ಉಳಿದು, ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರ ಲಾವಣಿ ಸಂಗ್ರಹಕ್ಕೂ ಸೇರಿತು. ಆದರೆ ಕೊಡವರಿಗೆ ಬ್ರಿಟಿಷರು ಲೈಸೆನ್ಸಿನಿಂದ ವಿನಾಯಿತಿ ಕೊಟ್ಟರು. ಅದು ಇಂದಿಗೂ ಇದ್ದು, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ನಡೆಯುತ್ತದೆ. ಒಂದೇ ರಾಜ್ಯದಲ್ಲಿ ಇಂಥ ಎರಡು ಚರಿತ್ರೆಗಳಿರುವಾಗ, ಹಳೆಯ ಬಂದೂಕನ್ನು ಬರೀ ಗೋಡೆಯ ಅಲಂಕಾರ ಮಾಡುವುದು ನನಗೆ ಒಪ್ಪುವುದಿಲ್ಲ.

ಇನ್ನು ಕಾನೂನಿನ ಮಾತು. 1959ರ ಶಸ್ತ್ರ ಕಾಯ್ದೆಯ 45ನೇ ಕಲಮಿನ ವಿನಾಯಿತಿ, ರಿಪೇರಿ ಮಾಡಿದರೂ ಗುಂಡು ಹಾರದ ಹಳೆಯ ಆಯುಧಕ್ಕಷ್ಟೇ. ಹಾರುವಂಥದ್ದಕ್ಕೆ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿಯ ಪ್ರಕಾರ ಒಬ್ಬರಿಗೆ ಎರಡೇ.

ನಿಮ್ಮ ವಾಡೆಯ ಅಟ್ಟದಲ್ಲಿ ಅಜ್ಜನ ಕಾಲದ ಬಂದೂಕು ಸಿಕ್ಕರೆ ಕುದುರೆ ಎಳೆಯಬೇಡಿ, ಒಳಗೆ ಮದ್ದು ಉಳಿದಿರಬಹುದು. ಪಾಲಿಶ್ ಪೇಪರಿನಿಂದ ಉಜ್ಜಬೇಡಿ, ಗುಜರಿಗೆ ಹಾಕಬೇಡಿ. ಮೊದಲು ಪೊಲೀಸ್ ಠಾಣೆಗೆ ತಿಳಿಸಿ. ಆಮೇಲೆ ಮುದ್ರೆಗಳ ಫೋಟೊ ತೆಗೆದು, ಅದು ಯಾರ ಕೈಯಿಂದ ಮನೆಗೆ ಬಂತೆಂಬುದನ್ನು ಹಿರಿಯರನ್ನು ಕೇಳಿ ಬರೆದಿಡಿ.